ಜಗಳೂರಿನ ಆರು ಹುಡುಗಿಯರು

ನಾನು ಚನ್ನಗಿರಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಕೊರಳಲ್ಲಿ ಸೀಟಿ ತೂಗುತ್ತಿದ್ದರೂ ಅದನ್ನು ಊದುತ್ತಿದ್ದದ್ದು ಕಡಿಮೆ, ನನ್ನ ಗಂಟಲೇ ಸಾಕಾಗುತ್ತಿತ್ತು. ಒಮ್ಮೆ ಅಡಿಕೆ ಮಂಡಿಯ ಹಮಾಲರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮೇಡಂ, ನೀವು ಫೀಲ್ಡಲ್ಲಿ ಕೂಗಿದ್ರೆ ನಮ್ಮ ಮಂಡಿತನಕ ಕೇಳ್ತೈತೆ ನೋಡ್ರಿ" ಎಂದಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದು ಮನೆಯಲ್ಲೂ ಹೇಳಿಕೊಂಡಿದ್ದೆ.

ನನಗೆ ಕಾಲೇಜಿನಲ್ಲಿ ವಾಲಿಬಾಲ್ ಕಲಿಸಿದ ಗುರುಗಳು ಹಾಗೆಯೇ ಕಲಿಸಿದ್ದು. ಅವರು ಬೈಯುತ್ತಿದ್ದರು, ನಾವು ಅಳುತ್ತಿದ್ದೆವು, ಕಣ್ಣೊರೆಸಿಕೊಂಡು ಆಡಿ ಗೆಲ್ಲುತ್ತಿದ್ದೆವು. ಗೆದ್ದವರಿಗೆ ಬೈಗುಳವೂ ಪ್ರೀತಿಯಾಗಿಯೇ ನೆನಪಿರುತ್ತದೆ. ನಾನು ಶಿಕ್ಷಕಿಯಾದ ಮೇಲೆ ಬೇರೆ ದಾರಿ ಇರಬಹುದೆಂದು ಯೋಚಿಸಲೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗಿಯರು ತ್ಯಾವಣಿಗೆಯಲ್ಲಿ ನಡೆದ ತಾಲ್ಲೂಕು ಮಟ್ಟದ ವಾಲಿಬಾಲ್ ಗೆದ್ದರು. ಶಾಲೆಗೆ ಅದು ಮೊದಲ ಸಲ. ಮುಂದಿನದು ಹೊನ್ನಾಳಿಯಲ್ಲಿ ಜಿಲ್ಲಾ ಮಟ್ಟದ ಆಟ. ಆ ವರ್ಷ ಆ ಹುಡುಗಿಯರಿಗೆ ಒಂದು ಹುಚ್ಚು ಹಿಡಿದಿತ್ತು. ಶುರು ಮಾಡಿದವಳು ನಮ್ಮ ಲಿಫ್ಟರ್, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಬಲೆಯ ಹತ್ತಿರ ಚೆಂಡು ಎತ್ತಿಕೊಡುವವಳು. ಮಾತಿನಮಲ್ಲಿ, ಚೆನ್ನಾಗಿ ಚಿತ್ರ ಬರೆಯುತ್ತಿದ್ದಳು. ಅವರಪ್ಪನ ಫೋನಿನಲ್ಲಿ ಜಪಾನಿನ ವಾಲಿಬಾಲ್ ಕಥೆಯೊಂದನ್ನು ನೋಡಿ ನೋಡಿ, ಉಳಿದವರಿಗೂ ಅಂಟಿಸಿದ್ದಳು.

ನಾನೊಂದು ದಿನ ಇಣುಕಿ, "ಕಾರ್ಟೂನ್ ನೋಡೋ ವಯಸ್ಸೇನ್ರೇ ನಿಮ್ದು?" ಎಂದೆ.

"ಕಾರ್ಟೂನ್ ಅಲ್ಲ ಮಿಸ್, ಅನಿಮೆ," ಎಂದಳು ಅವಳು ಬಹಳ ತಾಳ್ಮೆಯಿಂದ, ನಾನೇ ವಿದ್ಯಾರ್ಥಿನಿ ಎಂಬಂತೆ. "ಇಲ್ಲಿ ನೋಡ್ರಿ ಮಿಸ್, ಈಗ ಎದುರು ಟೀಮ್ ಬರ್ತೈತೆ."

ನೋಡಿದೆ. ಬಾಗಿಲು ತೆರೆಯಿತು. ಎದುರಾಳಿ ತಂಡದವರು ಸಾಲಾಗಿ ಒಳಗೆ ಬಂದರು. ಒಬ್ಬೊಬ್ಬರು ಬಂದಾಗಲೂ ಕಥೆ ನಿಲ್ಲುತ್ತಿತ್ತು, ಎಲ್ಲಿಂದಲೋ ಗಾಳಿ ಬೀಸಿ ಕೂದಲು ಹಾರುತ್ತಿತ್ತು, ಮುಖ ಇಡೀ ಪರದೆ ತುಂಬುತ್ತಿತ್ತು. ಪಕ್ಕದಲ್ಲಿ ನಂಬರು, ಎತ್ತರ, ಅವರ ಶಕ್ತಿ ಯಾವುದು, ಯಾವುದಕ್ಕೆ ಹೆದರುತ್ತಾರೆ, ಎಲ್ಲ ಮೂಡುತ್ತಿತ್ತು. ಆಟಕ್ಕಿಂತ ಪರಿಚಯವೇ ಉದ್ದ.

"ಎದುರಿನವ್ರನ್ನ ಮೊದ್ಲು ಗುರುತು ಹಿಡ್ಕಬೇಕು ಮಿಸ್, ಆಮೇಲೆ ಆಡಬೇಕು," ಎಂದಳು ಲಿಫ್ಟರ್.

ಮಾತು ನನಗೆ ಹಿಡಿಸಿತು. ಜಿಲ್ಲೆಯಲ್ಲಿ ಆಗ ಎಲ್ಲರ ಬಾಯಲ್ಲಿ ಜಗಳೂರಿನ ತಂಡದ್ದೇ ಹೆಸರು. ಅಲ್ಲಿ ಒಂದು ಭಾನುವಾರ ಅವರ ಸ್ನೇಹಪಂದ್ಯ ಇದೆಯೆಂದು ತಿಳಿದು, ಅವಳ ಮನೆಯವರನ್ನು ಕೇಳಿ, ಅವಳನ್ನು ಕರೆದುಕೊಂಡು ಹೊರಟೇಬಿಟ್ಟೆ. ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರು ಸೇರಿದಾಗ ಬಿಸಿಲು ನೆತ್ತಿಗೇರಿತ್ತು. ನಾವಿಬ್ಬರೂ ದುಪಟ್ಟಾ ತಲೆಗೆ ಹೊದ್ದು ಜನರ ಮಧ್ಯೆ ಕುಳಿತೆವು. ಅವಳು ನೋಟ್‌ಬುಕ್ಕಿನಲ್ಲಿ ಗೀಚುತ್ತಲೇ ಇದ್ದಳು. ನಾನು ಪಕ್ಕದಿಂದ ಇವಳು ಎಡಗೈಯವಳು, ಅವಳು ಜಿಗಿಯುವುದಿಲ್ಲ ಎಂದು ಪಿಸುಗುಟ್ಟುತ್ತಿದ್ದೆ.

ಸೋಮವಾರ ಕೊನೆಯ ಬೆಲ್ಲಾದ ಮೇಲೆ ಒಂಬತ್ತನೆಯ ತರಗತಿಯ ಕೋಣೆಯಲ್ಲಿ ಅವಳ ಪ್ರದರ್ಶನ ನಡೆಯಿತು. ಒಬ್ಬಳು ರಟ್ಟಿನಿಂದ ಗಾಳಿ ಬೀಸಿದಳು. ಇನ್ನೊಬ್ಬಳು ಬೆಂಚು ಕುಟ್ಟಿ ಹಿನ್ನೆಲೆ ಸಂಗೀತ ಕೊಟ್ಟಳು. ಲಿಫ್ಟರ್ ಒಂದೊಂದೇ ಪುಟ ತೆರೆದು ದನಿ ದಪ್ಪ ಮಾಡಿಕೊಂಡು ಹೇಳಿದಳು.

"ಕ್ಯಾಪ್ಟನ್ನು! ಎರಡು ಜಡೆ ಮೇಲಕ್ಕೆ ಕಟ್ಟಿದಾಳೆ. ನಗಂಗಿಲ್ಲ, ಬೈಯಂಗಿಲ್ಲ. ಬೆರಳಲ್ಲೇ ಎಲ್ಲ ಹೇಳ್ತಾಳೆ. ಇವ್ಳನ್ನ ನಂಬಾಕೆ ಆಗಲ್ಲ!" ಬೆಂಚು ಡಬಡಬ. "ಎರಡನೇವ್ಳು, ನೀರಿನ ಟ್ಯಾಂಕು! ಕೈ ಎತ್ತಿದ್ರೆ ಸಾಕು, ಆಕಡೆ ಏನೂ ಕಾಣಂಗಿಲ್ಲ. ಬಗ್ಗಾಕೆ ಮಾತ್ರ ಬರಲ್ಲ." ಮೂರನೆಯವಳು, ಐದನೆಯವಳು ಅಕ್ಕತಂಗಿಯರಂತೆ, ಒಬ್ಬಳು ಎಡಗೈ ಒಬ್ಬಳು ಬಲಗೈ, ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಾರಂತೆ. ನಾಲ್ಕನೆಯವಳು ಪ್ರತಿ ಸರ್ವೀಸಿಗೂ ಮುಂಚೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳಂತೆ. ಕೊನೆಗೆ ಆರನೆಯವಳ ಚಿತ್ರ ತೋರಿಸಿದಳು. ಅರ್ಧ ಮುಚ್ಚಿದ ಕಣ್ಣು, ಆಕಳಿಸುವ ಬಾಯಿ. "ನಿದ್ದೆಗಣ್ಣಿ! ಇವ್ಳ ಕಡೆ ಚೆಂಡು ಹಾಕಿದ್ರೆ ಪಾಯಿಂಟು ನಮ್ದೇ!"

ಹುಡುಗಿಯರೆಲ್ಲ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ನಗದೆ ಗಮನವಿಟ್ಟು ಕೇಳುತ್ತಿದ್ದವಳು ನಮ್ಮ ನಾಲ್ಕನೆಯ ನಂಬರಿನವಳು ಒಬ್ಬಳೇ. ಸವಳಂಗದ ಕಡೆಯ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಚನ್ನಗಿರಿಯ ಹಾಸ್ಟೆಲಿನಲ್ಲಿದ್ದಳು. ಅವಳ ಕೈಯಷ್ಟು ಮೆತ್ತಗೆ ಚೆಂಡು ಎತ್ತುವ ಕೈಯನ್ನು ನಾನು ನೋಡಿರಲಿಲ್ಲ. ಆದರೆ ದೊಡ್ಡ ಆಟದಲ್ಲಿ ಏನಾಗುತ್ತಿತ್ತೋ, ಒಂದು ತಪ್ಪಿದರೆ ಸಾಲಾಗಿ ತಪ್ಪುತ್ತಿದ್ದಳು. ಅವಳಲ್ಲಿ ಗಟ್ಟಿತನ ಸಾಲದು, ಅದನ್ನು ನಾನೇ ತುಂಬಬೇಕು ಎಂದು ಅವಳನ್ನು ಉಳಿದವರಿಗಿಂತ ಹೆಚ್ಚು ಬೈಯುತ್ತಿದ್ದೆ.

ಹೊನ್ನಾಳಿಯಲ್ಲಿ ಬೆಳಿಗ್ಗೆಯ ಸೆಮಿಫೈನಲ್‌ನಲ್ಲೇ ಜಗಳೂರು ನಮಗೆ ಎದುರಾಯಿತು. ಆ ಆರು ಹುಡುಗಿಯರು ಮೈದಾನಕ್ಕೆ ಇಳಿದಾಗ ನಮ್ಮವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಕ್ಯಾಪ್ಟನ್, ಟ್ಯಾಂಕು, ಅಕ್ಕತಂಗಿಯರು, ಎಲ್ಲ ಚಿತ್ರದಲ್ಲಿದ್ದ ಹಾಗೇ. ಆರನೆಯವಳು ನಿಜವಾಗಿಯೂ ಆಕಳಿಸಿದಳು.

ನಮ್ಮ ಮೊದಲ ಸರ್ವೀಸು ಅವಳಿಗೇ ಹೋಯಿತು. ಆ ನಿದ್ದೆಗಣ್ಣಿ ಒಂದು ಹೆಜ್ಜೆ ಸರಿದು, ಅಂಗಳದಲ್ಲಿ ಬಿದ್ದ ಬಟ್ಟೆ ಎತ್ತುವಷ್ಟು ಸುಲಭವಾಗಿ ಚೆಂಡು ಎತ್ತಿದಳು. ಎರಡನೆಯದೂ ಎತ್ತಿದಳು, ಮೂರನೆಯದೂ. ಸ್ನೇಹಪಂದ್ಯದ ದಿನ ಅವಳಿಗೆ ಜ್ವರವಿತ್ತೆಂದು ಆಮೇಲೆ ತಿಳಿಯಿತು. ಅವರ ತಂಡದಲ್ಲೇ ಗಟ್ಟಿಗಿತ್ತಿ ಅವಳು. ನಮ್ಮ ಲಿಫ್ಟರ್ ತಿರುಗಿ ನನ್ನ ಮುಖ ನೋಡಿದಳು.

ನನ್ನ ಕೂಗು ಶುರುವಾದದ್ದು ಅವರ ಸರ್ವೀಸು ಬಂದ ಮೇಲೆ. ಮೊದಲನೆಯ ಚೆಂಡು ನೇರ ನಮ್ಮ ನಾಲ್ಕನೆಯವಳಿಗೆ ಬಂತು. ಅವಳು ಎತ್ತಿದಳು. ಎರಡನೆಯದೂ ಅವಳಿಗೇ. ಎತ್ತಿದಳು. ಮೂರನೆಯದು ಕೈಗೆ ತಾಗಿ ಹೊರಗೆ ಹಾರಿತು.

"ಕಣ್ಣು ಎಲ್ಲಿಟ್ಟಿದೀಯೇ? ಮೊಣಕಾಲು ಬಗ್ಸು! ಎಷ್ಟು ಸಲ ಹೇಳ್ಬೇಕು ನಿಂಗೆ?"

ನಾಲ್ಕನೆಯದು ಅವಳಿಗೇ ಬಂತು, ತಪ್ಪಿತು. ಐದನೆಯದೂ. ಪ್ರತಿ ಸಲವೂ ನನ್ನ ದನಿ ಒಂದು ಮೆಟ್ಟಿಲು ಏರಿತು. ಎಲ್ಲ ಸರ್ವೀಸೂ ಅವಳ ಕಡೆಗೇ ಬರುತ್ತಿದೆ ಎಂಬುದು ನನಗೆ ಕಾಣದೆ ಇರಲಿಲ್ಲ. ಅವಳ ದೌರ್ಬಲ್ಯ ಅವರಿಗೆ ಗೊತ್ತಾಗಿದೆ ಎಂದುಕೊಂಡೆ, ಅಷ್ಟೆ. ಟೈಮ್‌ಔಟ್ ತೆಗೆದುಕೊಂಡೆ. ಆ ಮೂವತ್ತು ಸೆಕೆಂಡೂ ಅವಳಿಗೇ ಬೈದೆ. ಅವಳು ತಲೆ ತಗ್ಗಿಸಿ, ಹ್ಞೂಂ ಮಿಸ್, ಹ್ಞೂಂ ಮಿಸ್ ಎನ್ನುತ್ತ ಜರ್ಸಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮೊದಲ ಸೆಟ್ಟಿನಲ್ಲಿ ನಮಗೆ ಬಂದದ್ದು ಹದಿನಾಲ್ಕು ಪಾಯಿಂಟು. ಎರಡನೆಯದರಲ್ಲಿ ಒಂಬತ್ತೇ. ಎರಡೂ ಸೆಟ್ಟು ಸೋತೆವು. ಗೆಲ್ಲದಿದ್ದರೂ ಮೂರನೆಯ ಸೆಟ್ಟಿಗೆ ಎಳೆಯುತ್ತೇವೆ ಎಂದು ಹೆಡ್‌ಮಾಸ್ಟರಿಗೆ ಹೇಳಿ ಬಂದಿದ್ದವಳು ನಾನು.

ಮಧ್ಯಾಹ್ನ ಬೇವಿನ ಮರದ ಕೆಳಗೆ ಚಿತ್ರಾನ್ನ, ಮೊಸರನ್ನ ಹಂಚಿದರು. ಮೂರನೆಯ ಸ್ಥಾನಕ್ಕಾಗಿ ನ್ಯಾಮತಿಯ ತಂಡದ ಜೊತೆ ಮೂರು ಗಂಟೆಗೆ ನಮಗೆ ಇನ್ನೊಂದು ಆಟವಿತ್ತು. ಕೈ ತೊಳೆದು ಬರುವಷ್ಟರಲ್ಲಿ ನಮ್ಮ ಹುಡುಗಿಯರೂ ಜಗಳೂರಿನವರೂ ಗುಂಪಾಗಿ ಕುಳಿತು ನಗುತ್ತಿದ್ದರು. ಅವರೂ ಅದೇ ಅನಿಮೆ ನೋಡುವವರಂತೆ. ಅವರೂ ನೋಟ್‌ಬುಕ್ ಇಟ್ಟವರಂತೆ. ಎರಡೂ ನೋಟ್‌ಬುಕ್ಕುಗಳು ಅದಲು ಬದಲಾಗಿದ್ದವು. ಅವರ ಆರನೆಯವಳು ತನ್ನ ಆಕಳಿಕೆಯ ಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಹತ್ತಿರ ಹೋದೆ. ನಗು ನಿಂತಿತು. ಲಿಫ್ಟರ್ ತನ್ನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿದಳು.

"ಏನದು? ಕೊಡು ಇಲ್ಲಿ."

"ಏನಿಲ್ಲ ಮಿಸ್. ಸುಮ್ನೆ ಮಿಸ್."

"ಕೊಡು ಅಂದೆ."

ಕೊಟ್ಟಳು. ತಂತಿ ಸುರುಳಿಯ ಚಿಕ್ಕ ಪುಸ್ತಕ. ಚಿತ್ರಗಳು ನಮ್ಮವಳ ಚಿತ್ರಗಳಷ್ಟು ಚಂದವಿರಲಿಲ್ಲ, ಬರವಣಿಗೆ ಮಾತ್ರ ದುಂಡಗೆ, ಸ್ಪಷ್ಟವಾಗಿತ್ತು. ಒಂದೊಂದು ಪುಟಕ್ಕೆ ನಮ್ಮ ಒಬ್ಬೊಬ್ಬ ಹುಡುಗಿ. ಲಿಫ್ಟರ್ ಪುಟದಲ್ಲಿ, "ಚೆಂಡು ಎತ್ತುವ ಮುಂಚೆ ಯಾರಿಗೆ ಕೊಡುತ್ತಾಳೋ ಅವಳನ್ನೇ ನೋಡುತ್ತಾಳೆ" ಎಂದು ಬರೆದಿತ್ತು. ನಿಜ. ವರ್ಷಗಟ್ಟಲೆ ನನಗೇ ಹೊಳೆದಿರಲಿಲ್ಲ. ನಾಲ್ಕನೆಯವಳ ಪುಟದಲ್ಲಿ, "ಇವರ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳು. ಆದರೂ ಇವಳಿಗೇ ಹಾಕಬೇಕು. ಕಾರಣ ಏಳನೇ ಪುಟದಲ್ಲಿ."

ಆರು ಜನರ ತಂಡಕ್ಕೆ ಏಳನೆಯ ಪುಟ ಯಾಕೆ ಎಂದು ತಿರುವಿದೆ.

ಅಲ್ಲಿ ನಾನಿದ್ದೆ. ಸೀರೆಯ ಮೇಲೆ ಟ್ರ್ಯಾಕ್ ಸೂಟಿನ ಜಾಕೆಟ್ಟು, ಕೊರಳಲ್ಲಿ ಸೀಟಿ, ಮುಖವೇ ಇಲ್ಲದಷ್ಟು ಅಗಲವಾದ ಬಾಯಿ. ಕೆಳಗೆ ಬರೆದಿತ್ತು: "ಚನ್ನಗಿರಿ ಟೀಚರ್. ಶಕ್ತಿ: ದನಿ. ನಾಲ್ಕನೇ ನಂಬರಿಗೆ ಒಂದು ಚೆಂಡು ತಪ್ಪಿದರೆ ಇವರು ಕೂಗುತ್ತಾರೆ. ಕೂಗಿದ ಮೇಲೆ ಮುಂದಿನ ಎರಡು ಮೂರು ಚೆಂಡು ಅವಳು ಎತ್ತುವುದಿಲ್ಲ. ಮತ್ತೆ ಕೂಗುತ್ತಾರೆ. ನಾವು ಏನೂ ಮಾಡಬೇಕಾಗಿಲ್ಲ. ಇವರು ನಮ್ಮ ಕಡೆ ಆಡುತ್ತಾರೆ."

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಆಮೇಲೆ ಸಿಟ್ಟು ಬಂತು. ಪುಸ್ತಕ ಹಿಡಿದುಕೊಂಡು ನೇರವಾಗಿ ಜಗಳೂರಿನ ಶಿಕ್ಷಕಿಯ ಹತ್ತಿರ ನಡೆದೆ. ಸಣ್ಣ ಮೈಕಟ್ಟಿನ, ಕನ್ನಡಕದ ಹೆಂಗಸು. ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

"ಏನ್ರೀ ಇದು? ಮಕ್ಕಳ ಕೈಲಿ ಟೀಚರ್ ಬಗ್ಗೆ ಹಿಂಗೆಲ್ಲ ಬರೆಸ್ತೀರಾ?"

ಅವರು ಓದಿದರು. ಮುಖ ಬಿಳಿಚಿಕೊಂಡಿತು. "ಅಯ್ಯೋ, ನಾನು ನೋಡೇ ಇರ್ಲಿಲ್ರೀ. ನಾನು ಗಣಿತದ ಟೀಚರ್ರು. ನಮ್ಮಲ್ಲಿ ಪಿ.ಟಿ.ಯವ್ರು ಯಾರೂ ಇಲ್ಲ, ಅದಕ್ಕೆ ಜೊತೆಗೆ ಬಂದೀನಿ. ನನಗೆ ಆಟ ಹೇಳಿಕೊಡಾಕೆ ಬರಲ್ಲ. ಹುಡುಗೀರೇ ನೋಡಿ ನೋಡಿ ಕಲ್ತ್ಕಂಡಿದಾರೆ."

ನನಗೆ ಇನ್ನೊಂದು ಹೊಡೆತ ಬಿದ್ದಂತಾಯಿತು. ಕಲಿಸುವವರೇ ಇಲ್ಲದ ತಂಡದ ಎದುರು ನಾವು ಹೀಗೆ ಸೋತಿದ್ದೆವು. ಅವರು ಕ್ಯಾಪ್ಟನ್ ಹುಡುಗಿಯನ್ನು ಕರೆದು, "ಮೊದ್ಲು ತಪ್ಪಾಯ್ತು ಅನ್ನು" ಎಂದರು.

ಹುಡುಗಿ ಕೈ ಕಟ್ಟಿ ನಿಂತಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಅಲುಗಲಿಲ್ಲ. "ನಿಮಗೆ ಬೇಜಾರಾಗಿದ್ರೆ ತಪ್ಪಾಯ್ತು ಮಿಸ್. ಆದ್ರೆ ಸುಳ್ಳು ಬರ್ದಿಲ್ಲ ಮಿಸ್, ನೋಡಿದ್ದೇ ಬರ್ದೀನಿ. ತ್ಯಾವಣಿಗೆ ಮ್ಯಾಚಿಗೆ ನಮ್ಮ ಮಾವನ ಜೊತೆ ಬಂದಿದ್ದೆ. ನಿಮ್ಮ ಹಿಂದೆನೇ ಕೂತಿದ್ದೆ. ನೀವು ನಂಗೆ ಬಾಟ್ಲಿ ಕೊಟ್ಟು ನೀರು ತುಂಬ್ಕೊಂಡು ಬಾ ಅಂದ್ರಿ. ತಂದುಕೊಟ್ಟೆ."

ನೆನಪಾಯಿತು. ಯಾರೋ ಊರಿನ ಹುಡುಗಿ ಎಂದುಕೊಂಡಿದ್ದೆ. ಮುಖ ಕೂಡ ನೋಡಿರಲಿಲ್ಲ.

ಅಷ್ಟರಲ್ಲಿ ನಮ್ಮ ನಾಲ್ಕನೆಯವಳು ಬಂದಳು. ಅವಳು ಯಾರ ಜೊತೆಗೂ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಕ್ಯಾಪ್ಟನ್ ಎದುರು ನಿಂತು, "ನಮ್ಮ ಮಿಸ್ ಬಗ್ಗೆ ನಿಂಗೇನು ಗೊತ್ತೈತೆ? ಹಾಸ್ಟೆಲಲ್ಲಿ ನಂಗೆ ಹುಷಾರಿಲ್ಲದಾಗ ಗಂಜಿ ತಂದಿದ್ದು ಇವ್ರೇ. ನಂಗೆ ಆಡಾಕೆ ಬರಲ್ಲ, ಅದಕ್ಕೆ ತಪ್ತೀನಿ. ಮಿಸ್‌ದು ಏನೂ ಇಲ್ಲ. ಅದನ್ನ ಹರಿದು ಹಾಕು!" ಎಂದಳು.

ಆ ಪುಟ ಓದಿದಾಗ ಆದದ್ದಕ್ಕಿಂತ ಹೆಚ್ಚಿನ ಆಘಾತ ನನಗಾದದ್ದು ಆಗ. ಜಿಲ್ಲೆಯಲ್ಲೇ ಅಷ್ಟು ಒಳ್ಳೆಯ ಕೈ ಇರುವ ಹುಡುಗಿ, ತನಗೆ ಆಡಲು ಬರುವುದಿಲ್ಲ ಎಂದು ನಿಜವಾಗಿಯೂ ನಂಬಿದ್ದಳು. ಅದನ್ನು ನಂಬಿಸಿದವಳು ನಾನೇ.

ಅವಳನ್ನು ಮೈದಾನದ ಅಂಚಿಗೆ ಕರೆದುಕೊಂಡು ಹೋದೆ. ಕಲ್ಲುಬೆಂಚಿನ ಮೇಲೆ ಕುಳಿತೆವು. ಅವಳು ನನ್ನ ಪಕ್ಕ ಕುಳಿತದ್ದೂ ಅದೇ ಮೊದಲು.

"ನಿಜ ಹೇಳು. ನಾನು ಬೈಯಲ್ಲ. ನಾನು ಕೂಗಿದಾಗ ನಿಂಗೆ ಏನಾಗ್ತದೆ?"

"ಚೆಂಡು ಕಾಣಂಗಿಲ್ಲ ಮಿಸ್," ಎಂದಳು. "ಬರ್ತಿರ್ತದೆ. ಆದ್ರೆ ನಂಗೆ ನಿಮ್ಮ ಮುಖನೇ ಕಾಣ್ತಿರ್ತದೆ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಇಷ್ಟು ವರ್ಷ ಮಕ್ಕಳಿಗೆ ಆ ಮಾತು ಹೇಳಿ ಅಭ್ಯಾಸವಿರಲಿಲ್ಲ. ಅವಳ ಜಡೆಯಿಂದ ಬಿಚ್ಚಿಹೋಗಿದ್ದ ರಿಬ್ಬನ್ನನ್ನು ಸುಮ್ಮನೆ ಕಟ್ಟಿಕೊಟ್ಟೆ.

ಮೂರು ಗಂಟೆಗೆ ನ್ಯಾಮತಿಯ ಎದುರು ಆಟ ಶುರುವಾಯಿತು. ಬಾಯಿ ತೆರೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದು ಕುಳಿತೆ. ಎಲ್ಲ ಸರಿಹೋಗುತ್ತದೆ ಎಂದುಕೊಂಡದ್ದು ತಪ್ಪಾಯಿತು. ನನ್ನ ದನಿ ಕೇಳದೆ ಹುಡುಗಿಯರು ಇನ್ನಷ್ಟು ಹೆದರಿದರು. ಪ್ರತಿ ಚೆಂಡಿಗೂ ತಿರುಗಿ ನನ್ನ ಕಡೆ ನೋಡುವವರೇ. "ಮಿಸ್‌ಗೆ ಭಾರಿ ಸಿಟ್ಟು ಬಂದೈತೆ ಕಣ್ರೇ," ಎಂದು ಲಿಫ್ಟರ್ ಪಿಸುಗುಟ್ಟಿದ್ದು ನನಗೇ ಕೇಳಿಸಿತು. ಮೊದಲ ಸೆಟ್ ಸೋತೆವು.

ವಿರಾಮದಲ್ಲಿ ಎಲ್ಲರನ್ನೂ ಸುತ್ತ ಕೂರಿಸಿಕೊಂಡೆ. ನನ್ನ ದನಿ ನನಗೇ ಪರಕೀಯವಾಗಿತ್ತು. "ನಂಗೆ ಸಿಟ್ಟಿಲ್ಲ. ಬೆಳಿಗ್ಗೆ ನಾನು ಮಾಡಿದ್ದು ತಪ್ಪು. ನೀವು ನನ್ನ ಕಡೆ ನೋಡಬೇಡ್ರಿ. ಚೆಂಡು ನೋಡ್ರಿ. ಯಾರಿಗೆ ಏನು ಹೇಳ್ಬೇಕೋ ನೀವೇ ಒಬ್ಬರಿಗೊಬ್ಬರು ಹೇಳ್ಕೊಳ್ರಿ."

ಆರೂ ಜನ ಬಾಯಿ ತೆರೆದು ನನ್ನನ್ನೇ ನೋಡಿದರು. ಲಿಫ್ಟರ್ ಮೆಲ್ಲಗೆ, "ಹುಷಾರಿದೀರಾ ಮಿಸ್?" ಎಂದು ಕೇಳಿದಳು.

ಎರಡನೆಯ ಸೆಟ್ಟಿನಲ್ಲಿ ನಾಲ್ಕನೆಯವಳು ಮೊದಲ ಚೆಂಡು ಬಿಟ್ಟಳು. ನಾನು ನಾಲಿಗೆ ಕಚ್ಚಿಕೊಂಡೆ. ಅವಳು ಅಭ್ಯಾಸಬಲದಿಂದ ಭುಜ ಮುದುಡಿಕೊಂಡು ಕಾದಳು. ಏನೂ ಬರಲಿಲ್ಲ. ಮುಂದಿನದನ್ನು ಎತ್ತಿದಳು. ಅದರ ಮುಂದಿನದನ್ನೂ. ಆ ಸೆಟ್ಟು ನಮ್ಮದಾಯಿತು. ಮೂರನೆಯದನ್ನು ಎರಡು ಪಾಯಿಂಟಿನಿಂದ ಕಳೆದುಕೊಂಡೆವು. ನಾಲ್ಕನೆಯ ಸ್ಥಾನ. ಪದಕವಿಲ್ಲ. ಬಸ್ಸಿನಲ್ಲಿ ಹುಡುಗಿಯರು ಗೆದ್ದವರಂತೆ ಹಾಡುತ್ತ ಬಂದರು. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಿಟ್ಟು ಕುಳಿತಿದ್ದೆ. ಇಷ್ಟು ವರ್ಷಗಳಲ್ಲಿ ಹೀಗೆ ಮುದುಡಿಕೊಂಡ ಭುಜಗಳು ಎಷ್ಟಿರಬಹುದು ಎಂದು ಯೋಚಿಸಲು ಹೋಗಿ, ಭಯವಾಗಿ ಬಿಟ್ಟುಬಿಟ್ಟೆ.

ಮನೆಗೆ ಬಂದಾಗ ನನ್ನ ಮಗಳು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಆಗ ಅವಳು ಒಂಬತ್ತನೆಯ ತರಗತಿ. ಸಮಾಧಾನ ಹೇಳಲಿ ಎಂದು ಎಲ್ಲವನ್ನೂ ಹೇಳಿದೆ. ಆ ಹುಡುಗಿ ಹಾಗೆ ಬರೆದಿದ್ದಾಳೆ ನೋಡು ಎಂದೆ.

ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಒಂದೇ ಮ್ಯಾಚಲ್ಲಿ ಗೊತ್ತಾಗೋಯ್ತಾ ಅವ್ಳಿಗೆ?" ಎಂದಳು.

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ತಡೆದು ತಡೆದು ಅವಳೇ ಮುಂದುವರಿಸಿದಳು. ನಾನು ಲೆಕ್ಕ ಹೇಳಿಕೊಡಲು ಕುಳಿತರೆ ಗೊತ್ತಿರುವುದೂ ಮರೆತುಹೋಗುತ್ತದಂತೆ. ಅದಕ್ಕೇ ಪಕ್ಕದ ಮನೆಯ ಅಕ್ಕನ ಹತ್ತಿರ ಹೋಗುತ್ತಿದ್ದಾಳಂತೆ. ಆ ಅಕ್ಕ ಚೆನ್ನಾಗಿ ಹೇಳಿಕೊಡುತ್ತಾಳೆಂದು ನಾನು ನಾಲ್ಕು ಜನರ ಮುಂದೆ ಹೊಗಳಿದ್ದೆ. ಒಂದು ಹಿಡಿ ಸೊಪ್ಪು ನನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದೆ.

ಆ ಸಂಜೆಯಿಂದ ನಾನು ಬದಲಾಗಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಕೂಗು ಈಗಲೂ ಬರುತ್ತದೆ. ಬಂದ ಮೇಲೆ ಯಾರ ಭುಜ ಮುದುಡಿತು ಎಂದು ನೋಡುತ್ತೇನೆ, ಅವಳ ಹತ್ತಿರ ಹೋಗಿ ನಿಲ್ಲುತ್ತೇನೆ. ಜಗಳೂರಿನ ಆ ಗಣಿತದ ಶಿಕ್ಷಕಿ ಈಗ ನನಗೆ ಸ್ನೇಹಿತೆ. ನಿಯಮಗಳಲ್ಲಿ ಅನುಮಾನ ಬಂದಾಗ ಅವರು ಫೋನ್ ಮಾಡುತ್ತಾರೆ. ಒಬ್ಬ ಹುಡುಗಿ ಆಡುವಾಗ ಅವರ ಹುಡುಗಿಯರು ಏನನ್ನು ನೋಡುತ್ತಾರೆ ಎಂದು ನಾನು ಅವರನ್ನು ಕೇಳುತ್ತೇನೆ.

ನಾಲ್ಕನೆಯವಳು ಹತ್ತನೆಯ ತರಗತಿ ಪಾಸಾಗಿ ನ್ಯಾಮತಿಯಲ್ಲಿ ಕಾಲೇಜು ಸೇರಿದಳು. ಹೋದ ವರ್ಷ ಫೋನ್ ಮಾಡಿದಾಗ ಕಾಲೇಜು ತಂಡದ ಬಗ್ಗೆ ಕೇಳಿದೆ.

"ಆಟ ಬಿಟ್ಟೆ ಮಿಸ್," ಎಂದಳು.

ತಡೆಯದೆ ಕೇಳಿಬಿಟ್ಟೆ. "ನನ್ನಿಂದಾನೇನೇ?"

"ಅಯ್ಯೋ, ಇಲ್ಲ ಮಿಸ್! ಪ್ರಾಕ್ಟೀಸ್ ಮುಗಿಸಿದ್ರೆ ಸವಳಂಗಕ್ಕೆ ಬಸ್ ಸಿಗಲ್ಲ, ಅದಕ್ಕೆ," ಎಂದು ನಕ್ಕಳು.

ನನ್ನನ್ನು ಉಳಿಸಲು ಅವಳು ಒಮ್ಮೆ ಎಲ್ಲರ ಎದುರು ತನ್ನನ್ನೇ ಹಳಿದುಕೊಂಡವಳು. ಹಾಗಾಗಿ ಈ ಮಾತನ್ನು ಎಷ್ಟು ನಂಬಬೇಕೋ ನನಗೆ ತಿಳಿಯಲಿಲ್ಲ. ಮತ್ತೆ ಕೇಳಲು ಧೈರ್ಯವಾಗದೆ, ಅಮ್ಮ ಹೇಗಿದ್ದಾರೆ, ಪರೀಕ್ಷೆ ಯಾವಾಗ ಎಂದು ಬೇರೆ ಮಾತು ತೆಗೆದೆ. ಅವಳು ಎಲ್ಲದಕ್ಕೂ ನಿಧಾನವಾಗಿ, ಸಂತೋಷದಿಂದ ಉತ್ತರ ಹೇಳಿದಳು.